ಬಿಚ್ಚಿದ ಆರ್ಕಿಡ್‌ಗೆ ಗ್ಯಾರಂಟಿ ಇಲ್ಲ

ಕೆಟ್ಟು ನಿಂತ ವಸ್ತುವನ್ನು ಕಂಡರೆ ನನಗೆ ಮರುಕ. ಸರಿಯಾಗಿ ಓಡುತ್ತಿರುವುದನ್ನು ಕಂಡರೆ ಅನುಮಾನ. ಎರಡು ಸಂದರ್ಭದಲ್ಲೂ ಕೈ ಹೋಗುವುದು ಸ್ಕ್ರೂಡ್ರೈವರಿಗೇ. ಇದನ್ನು ನನ್ನ ಹೆಂಡತಿ ರತ್ನ ರೋಗ ಎನ್ನುತ್ತಾಳೆ, ನಾನು ಕಸುಬು ಎನ್ನುತ್ತೇನೆ. ಶಿಕಾರಿಪುರದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ನೀರೆತ್ತುವಂತೆ ಮಾಡಿ ಕೊಡುವುದು ನನ್ನ ಕೆಲಸ. ಓದಿದ್ದು ಏಳನೇ ಕ್ಲಾಸಿನ ಅರ್ಧ. ಶಾಲೆ ನಾನೇ ಬಿಟ್ಟದ್ದು. ಬಿಡಿಸಿದರು ಎಂದು ಹೇಳುವವರೂ ಇದ್ದಾರೆ. ಹೆಡ್‌ಮಾಸ್ತರರ ಮೇಜಿನ ಮೇಲಿದ್ದ ಗಡಿಯಾರವನ್ನು ಬಿಚ್ಚಿದ್ದು ನಿಜ. ಆದರೆ ಅದನ್ನು ಜೋಡಿಸಿ ಮುಗಿಸುವಷ್ಟರಲ್ಲಿ ಅವರು ಊಟ ಮುಗಿಸಿ ಬಂದುಬಿಟ್ಟರು. ಇನ್ನೊಂದು ಕಾಲು ಗಂಟೆ ನಿಧಾನವಾಗಿ ಉಂಡಿದ್ದರೆ ನಾನು ಇವತ್ತು ಏನಾಗಿರುತ್ತಿದ್ದೆನೋ. ಇರಲಿ, ಸೊರಬದ ಕಡೆಯಿಂದಲೂ ಜನ ಬಸ್ಸಿನ ಮೇಲೆ ಮೋಟಾರ್ ಹಾಕಿಕೊಂಡು ನನ್ನಲ್ಲಿಗೇ ಬರುತ್ತಾರೆ ಎಂಬುದೊಂದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ನನ್ನ ಅಂಗಡಿಯ ಗೋಡೆಯ ಮೇಲೆ ನಾನೇ ಬರೆದ ಬೋರ್ಡೊಂದಿದೆ: ‘ಬೇರೆಯವರು ಬಿಚ್ಚಿದ ಮೋಟಾರಿಗೆ ಗ್ಯಾರಂಟಿ ಇಲ್ಲ.’ ಬರೆದದ್ದು ಮಾತ್ರವಲ್ಲ, ಪಾಲಿಸುತ್ತೇನೆ ಕೂಡ. ರೈತರು ಮನೆಯಲ್ಲೇ ಕಟಿಂಗ್ ಪ್ಲೇಯರ್ ಆಡಿಸಿ, ಇನ್ನಷ್ಟು ಕೆಡಿಸಿ, ಆಮೇಲೆ ತರುತ್ತಾರೆ. “ಯಾಕ್ರೀ ಮುಟ್ಟಿದ್ರಿ?” ಎಂದು ಕೇಳಿದರೆ, “ಸುಮ್ನೆ ಏನಾಗ್ಯದೆ ಅಂತ ನೋಡಿದ್ವಿ ಅಷ್ಟೆ” ಎನ್ನುತ್ತಾರೆ. ಅಂಥವರನ್ನು ಬೆಂಚಿನಿಂದ ಮೂರಡಿ ದೂರ ನಿಲ್ಲಿಸುತ್ತೇನೆ. ಅವರು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ಕುತ್ತಿಗೆ ಮಾತ್ರ ಮುಂದೆ ಚಾಚಿ, ತಮ್ಮದೇ ಮೋಟಾರನ್ನು ಬೇರೆಯವರ ಮದುವೆ ನೋಡುವ ಹಾಗೆ ನೋಡುತ್ತಿರುತ್ತಾರೆ. ಯಾಕೆ ಹಾಗೆ ಕೊಕ್ಕರೆಯಂತೆ ನಿಲ್ಲುತ್ತಾರೋ ಎಂದು ನನಗೆ ಒಳಗೊಳಗೇ ನಗು ಬರುತ್ತಿತ್ತು.

ಅಂಗಡಿಯ ಹಿಂದೆಯೇ ಮನೆ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ರತ್ನಳ ಹೊಲಿಗೆ ಮಷೀನು. ಊರಿನ ಅರ್ಧ ಬ್ಲೌಸುಗಳು ಆ ಕಿಟಕಿಯ ಬೆಳಕಿನಲ್ಲಿ ಹುಟ್ಟಿದವು. ಆದರೆ ಹೊಲಿಯುತ್ತ ಅವಳು ಕಣ್ಣೆತ್ತಿದರೆ ಕಾಣುವುದೇನು? ನಾನು ಕಿತ್ತೆಸೆದ ಸುಟ್ಟ ತಂತಿಯ ಗುಡ್ಡೆ. ಒಂದು ದಿನ ಬ್ಲೌಸಿನ ಅಳತೆ ಕೊಡಲು ಬಂದ ಟೀಚರಮ್ಮ ತಮ್ಮ ಮನೆಯ ಕಿಟಕಿಯಲ್ಲಿ ಮೂರು ತಿಂಗಳಿಂದ ಬಾಡದೆ ನಿಂತ ಆರ್ಕಿಡ್ ಹೂವನ್ನು ಮೊಬೈಲಿನಲ್ಲಿ ತೋರಿಸಿ ಹೋದರು. ಅವತ್ತು ಅನ್ನ ಬಡಿಸುವಾಗ ರತ್ನ, “ಇಪ್ಪತ್ತು ವರ್ಷದಿಂದ ನಿಮ್ಮ ಕರಿ ತಂತಿ ನೋಡ್ತಾ ಇದೀನಿ. ಕಣ್ಣೆತ್ತಿದ್ರೆ ಒಂದು ಹೂ ಕಾಣ್ಲಿ ಕಣ್ರೀ” ಎಂದಳು. ಗುಡ್ಡೆಯನ್ನು ಅಲ್ಲಿಂದ ತೆಗೆಸಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ನನಗೆ ಅನಿಸಲಿಲ್ಲ. “ಆಯ್ತು, ತರಿಸ್ಕೊ” ಎಂದೆ. ಅವಳು ಮೊಬೈಲಿನಲ್ಲೇ ಮೂರು ಗಿಡ ತರಿಸಿದಳು.

ಪೆಟ್ಟಿಗೆ ಅಂಗಡಿಗೆ ಬಂದ ದಿನ ರತ್ನ ಸಂತೆಗೆ ಹೋಗಿದ್ದಳು. ಫೋನ್ ಮಾಡಿ ತಿಳಿಸಿದೆ. “ನಾನು ಬರೋ ತನಕ ಮುಟ್ಬೇಡಿ” ಎಂದಳು. ನಾನು ಮುಟ್ಟಲಿಲ್ಲ, ಬ್ಲೇಡಿನಿಂದ ಟೇಪ್ ಕೊಯ್ದೆ ಅಷ್ಟೆ. ಒಳಗೆ ಮೂರು ಗಿಡಗಳು, ಒಂದೊಂದರಲ್ಲೂ ನಾಲ್ಕೈದು ದಪ್ಪ ಎಲೆ, ಬುಡಕ್ಕೆ ಒದ್ದೆ ಪಾಚಿಯ ಉಂಡೆ. ಪಾಚಿ ಬಿಡಿಸಿದರೆ ಬೇರುಗಳೆಲ್ಲ ಕಪ್ಪಾಗಿ, ಹಿಡಿದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬರುತ್ತಿತ್ತು. ಮೂಗಿನ ಹತ್ತಿರ ಹಿಡಿದೆ. ಸುಟ್ಟ ಕಾಯಿಲನ್ನು ವಾಸನೆಯಿಂದಲೇ ಗುರುತಿಸುವ ಮೂಗು ನನ್ನದು. ಇದು ಮಳೆಯಲ್ಲಿ ಮರೆತುಹೋದ ಹುರುಳಿ ಚೀಲದ ವಾಸನೆ. ಮೂರೂ ಕೊಳೆತಿದ್ದವು.

ರತ್ನ ಬಂದು ನೋಡಿ ಚೀಲ ಕೆಳಗಿಟ್ಟಳು. ಕಂಪನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಆ ಕಡೆ ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ, “ಸರ್, ಬಾಕ್ಸ್ ಓಪನ್ ಮಾಡುವಾಗ ವಿಡಿಯೋ ಮಾಡಿದೀರಾ?” ಎಂದು ಕೇಳಿದಳು.

“ಇಲ್ಲಮ್ಮ. ಗಿಡ ಕೊಳೆತದ್ದು ಕಣ್ಣಿಗೇ ಕಾಣ್ತದಲ್ಲ.”

“ವಿಡಿಯೋ ಇಲ್ದೆ ಓಪನ್ ಮಾಡಿದ್ರೆ ರಿಟರ್ನ್ ಬರಲ್ಲ ಸರ್. ಬುಡ ಬೇರೆ ಬಿಚ್ಚಿದೀರಾ?”

“ಸುಮ್ನೆ ಏನಾಗ್ಯದೆ ಅಂತ ನೋಡಿದೆ ಅಷ್ಟೆ” ಎಂದೆ. ಹೇಳಿದ ಮೇಲೆ ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಅನಿಸಿತು. “ಬಿಚ್ಚಿದ ಗಿಡಕ್ಕೆ ಗ್ಯಾರಂಟಿ ಇಲ್ಲ ಸರ್” ಎಂದು ಹುಡುಗಿ ಫೋನಿಟ್ಟಳು. ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ರತ್ನ ನನ್ನ ಬೋರ್ಡಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ನಾನೂ ಹಿಂದೆಯೇ ಹೋದೆ. ಅವಳು ಮಷೀನಿನ ಮುಂದೆ ಕೂತು ಕಿಟಕಿಯಾಚೆ ತಂತಿಯ ಗುಡ್ಡೆ ನೋಡುತ್ತಿದ್ದಳು. ಸ್ವಾಭಿಮಾನಿ ಮನುಷ್ಯ ಇಂಥ ಹೊತ್ತಿನಲ್ಲಿ ತಪ್ಪಾಯಿತು ಎನ್ನುವುದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳುತ್ತಾನೆ. “ಮೂರರಲ್ಲಿ ಒಂದನ್ನಾದ್ರೂ ಬದುಕಿಸಿ ಈ ಕಿಟಕೀಲಿ ಇಡ್ತೀನಿ. ಆಗ್ಲಿಲ್ಲ ಅಂದ್ರೆ ಇನ್ನು ಮನೇಲಿ ಯಾವ ವಸ್ತುವಿಗೂ ಸ್ಕ್ರೂಡ್ರೈವರ್ ಹಾಕಲ್ಲ” ಎಂದುಬಿಟ್ಟೆ.

ರತ್ನ ಮೊದಲ ಸಲ ನನ್ನ ಕಡೆ ಮುಖ ತಿರುಗಿಸಿದಳು. “ಮಷೀನಿಗೂ?”

ಇದರ ಹಿಂದೆ ಒಂದು ಕಥೆಯಿದೆ. ಹಿಂದೊಮ್ಮೆ ಮದುವೆ ಸೀಸನ್ನಿನಲ್ಲಿ ಅವಳ ಮಷೀನು ಸರಿಯಾಗಿಯೇ ಓಡುತ್ತಿದ್ದಾಗ ಅನುಮಾನದಿಂದ ಬಿಚ್ಚಿದ್ದೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಅದರಿಂದ ಹೆಚ್ಚೇನೂ ಆಗಲಿಲ್ಲ, ಹೊಲಿಗೆ ಒಂದು ಬಿಟ್ಟು ಒಂದು ಬೀಳುತ್ತಿತ್ತು. ಮದುಮಗಳ ಬ್ಲೌಸೊಂದು ಧಾರೆಯ ಹೊತ್ತಿಗೆ ತೋಳಿನಲ್ಲಿ ಬಾಯಿ ಬಿಟ್ಟಿತಂತೆ. ಆ ಮನೆಯವರು ಇವತ್ತಿಗೂ ನಮ್ಮ ಬೀದಿಯಲ್ಲಿ ಬರುವುದಿಲ್ಲ.

“ಮಷೀನಿಗೂ” ಎಂದೆ. ಅವಳ ಮುಖದಲ್ಲಿ ಒಂದು ಸಣ್ಣ ಹೊಳಪು ಬಂತು. ಗಿಡ ಬದುಕಲಿ ಎಂದೋ ಸಾಯಲಿ ಎಂದೋ, ಯಾವ ಹೊಳಪು ಎಂದು ಹೇಳಲಾರೆ.

ಕೆಲಸ ಸುಲಭ ಎಂದುಕೊಂಡಿದ್ದೆ. ನೀರು ಹೊಕ್ಕ ಮೋಟಾರನ್ನು ಏನು ಮಾಡುತ್ತೇವೆ? ಕೆಟ್ಟದ್ದನ್ನು ಕಿತ್ತು, ತೊಳೆದು, ಒಳಗಿನ ಪಸೆ ಆರುವ ತನಕ ದೊಡ್ಡ ಬಲ್ಬಿನ ಕೆಳಗೆ ಇಡುತ್ತೇವೆ. ಗಿಡವೂ ನೀರು ಹೆಚ್ಚಾಗಿ ಕೆಟ್ಟದ್ದೇ ತಾನೆ? ಮೊದಲನೆಯ ಗಿಡದ ಕೊಳೆತ ಬೇರು ಕತ್ತರಿಸಿ, ಕಾಯಿಲ್ ಒಣಗಿಸುವ ತಗಡಿನ ಪೆಟ್ಟಿಗೆಯಲ್ಲಿಟ್ಟು, ಬಲ್ಬ್ ಹಚ್ಚಿ ಊಟಕ್ಕೆ ಹೋದೆ. ಕರೆಂಟ್ ಸೋರಿಕೆ ಅಳೆಯುವ ಮೆಗ್ಗರ್ ಮೀಟರ್ ಹಚ್ಚಿ ನೋಡುವಷ್ಟು ಹುಚ್ಚು ನನಗಿಲ್ಲ, ಮನಸ್ಸಾಗಿತ್ತು, ಅಷ್ಟೆ. ಊಟ ಮಾಡಿ ಬಂದು ನೋಡಿದರೆ ಗಿಡ ಚೆನ್ನಾಗಿ ಒಣಗಿತ್ತು. ಹಪ್ಪಳದ ಹಾಗೆ. ಮೋಟಾರಾಗಿದ್ದರೆ ಅದಕ್ಕೆ ಇನ್ನೂ ಹತ್ತು ವರ್ಷ ಆಯಸ್ಸು.

ಎರಡನೆಯದಕ್ಕೆ ಸ್ವಲ್ಪ ತಗ್ಗಿದೆ. ಮೊಬೈಲಿನಲ್ಲಿ ಒಬ್ಬ ಮಹಾಶಯ, ಕೊಳೆತ ಬೇರು ಕತ್ತರಿಸಿದ ಜಾಗಕ್ಕೆ ಚಕ್ಕೆಯ ಪುಡಿ ಹಚ್ಚಿ ನೆರಳಲ್ಲಿ ಆರಿಸಿ ಎನ್ನುತ್ತಿದ್ದ. ಅಡುಗೆಮನೆಯ ಚಕ್ಕೆಯನ್ನೆಲ್ಲ ಮಿಕ್ಸಿಗೆ ಹಾಕಿ ಪುಡಿ ಮಾಡಿದೆ. ಪಕ್ಕದಲ್ಲಿ ಖಾದರ್ ಸಾಬರ ಗಾದಿ ಅಂಗಡಿ. ಅವರು ಹತ್ತಿ ಹಿಂಜುವುದನ್ನು ನಿಲ್ಲಿಸಿ, ಮೂಗು ಮುಂದೆ ಮಾಡಿಕೊಂಡು ಬಂದರು.

“ಏನ್ರೀ ಮಂಜಣ್ಣ, ಪಲಾವ್ ಮಾಡ್ಸೀರಿ, ಬಾಜೂದವರನ್ನ ಕರೀಬೇಕು ಅನ್ನಿಸ್ಲಿಲ್ಲೇನು?”

“ಪಲಾವ್ ಅಲ್ಲ ಸಾಬ್ರೆ, ಗಿಡಕ್ಕೆ ಔಷಧ.”

ಖಾದರ್ ಸಾಬರು ಕೆಂಪು ಪುಡಿ ಬಳಿದುಕೊಂಡು ಬಿದ್ದಿದ್ದ ಗಿಡವನ್ನು ಕನ್ನಡಕ ಏರಿಸಿ ನೋಡಿದರು. “ಮಸಾಲೆ ಹಚ್ಚಿ ನೆನೆಸಿಟ್ಟಂಗೆ ಐತಲ್ರಿ. ಇದು ಬದುಕ್ತತೋ ಬೇಯ್ತತೋ?” ಎಂದರೂ, ಇದಕ್ಕೆ ಮಣ್ಣು ಆಗದು, ತೆಂಗಿನ ನಾರು ಬೇಕು ಎಂದು ನಾನು ಹೇಳಿದಾಗ ಅಂಗಡಿಗೆ ಹೋಗಿ ಗಾದಿಗೆ ತುಂಬುವ ಒಳ್ಳೆಯ ನಾರನ್ನೇ ಒಂದು ಹಿಡಿ ತಂದುಕೊಟ್ಟರು. “ನಿಮ್ಮ ಗಿಡ ಹಾಯಾಗಿ ಮಲಗ್ಲಿ” ಎಂದರು. ಆ ನಾರಿನಲ್ಲಿ ಇದ್ದಿಲು ಬೆರೆಸಿ, ಗಿಡ ಕೂರಿಸಿದೆ. ತಿಳಿದವರು ಹೇಳುವ ಹಾಗೆ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆ. ಗಿಡ ಬದುಕಬೇಕಿತ್ತು. ಅದರ ಮುಂದಿನ ದಾರಿಯಲ್ಲಿ ಇದ್ದ ತೊಡಕು ಒಂದೇ, ನಾನು.

ಮಾರನೇ ದಿನ ಬೆಳಿಗ್ಗೆ, ಹೊಸ ಬೇರು ಬಂತೇನೋ ಎಂದು ಮೆಲ್ಲಗೆ ಎತ್ತಿ ನೋಡಿದೆ. ಬಂದಿರಲಿಲ್ಲ. ಸಂಜೆ ಎತ್ತಿ ನೋಡಿದೆ. ಮೂರನೇ ದಿನ ಟಾರ್ಚ್ ಹಾಕಿ ನೋಡಿದೆ. ಎಂಟನೇ ದಿನ ಒಂದು ಬೆಳ್ಳಗಿನ ಮೊಳಕೆ ಸಾಸಿವೆಯಷ್ಟು ಕಂಡಿತು. ಸಂತೋಷದಿಂದ ರತ್ನಳನ್ನು ಕರೆದು, ತೋರಿಸಲು ಹಿಡಿದೆತ್ತಿದೆ. ಮೊಳಕೆ ನಾರಿನಲ್ಲಿ ಉಳಿಯಿತು, ಗಿಡ ನನ್ನ ಕೈಗೆ ಬಂತು.

“ಬಸುರಿ ಹೊಟ್ಟೆ ದಿನಾ ಬಿಚ್ಚಿ ನೋಡಿದ್ರೆ ಕೂಸು ಹುಟ್ತದೇನ್ರೀ?” ಎಂದಳು ರತ್ನ. ಇಷ್ಟು ವರ್ಷದಲ್ಲಿ ನನ್ನ ಕಸುಬಿನ ಮೇಲೆ ಅವಳು ಹೇಳಿದ ಇಷ್ಟು ಸರಿಯಾದ ಮಾತು ಇನ್ನೊಂದಿಲ್ಲ, ಆದರೆ ಅವತ್ತು ಒಪ್ಪಿಕೊಳ್ಳಲಿಲ್ಲ. ಗಿಡ ವಾರದೊಳಗೆ ಎಲೆ ಕಳಚಿತು.

ಉಳಿದದ್ದು ಮೂರನೆಯದು, ಮೂರರಲ್ಲಿ ತೀರ ಬಡವು. ಎಲೆ ಉದುರಿ ಉಳಿದದ್ದು ಎರಡೇ, ಜೊತೆಗೆ ಬೆರಳುದ್ದದ ಒಂದು ಬೇರಿನ ತುಂಡು. ಹೇಗೂ ಉಳಿಯುವುದಿಲ್ಲವೆಂದು ಬಚ್ಚಲ ಗೋಡೆಯ ಮೇಲೆ ಎಸೆದಿದ್ದೆ. ಅಷ್ಟರಲ್ಲಿ ಉಳವಿಯಿಂದ ನಮ್ಮತ್ತೆ ಬಂದರು. ಸೊರಬದ ಕಡೆಯವರು, ಮಾತು ಕಡಿಮೆ. ಆಡುವ ಒಂದೇ ಮಾತನ್ನು ಚೂಪು ಮಾಡಿಟ್ಟುಕೊಂಡು ಆಡುತ್ತಾರೆ. ಗಿಡ ಎತ್ತಿಕೊಂಡು ತಿರುಗಿಸಿ ನೋಡಿ, “ಇದು ನಮ್ಮ ಸೀತಾಳೆ ದಂಡೆ ಜಾತೀದು ಅಲ್ದಾ? ಮರದ ಮೇಲೆ ಗಾಳಿ ಕುಡ್ಕೊಂಡು ಕೂರೋ ಜೀವ. ಇದಕ್ಕೆ ಇಷ್ಟೆಲ್ಲ ಸೇವೆ ಯಾಕೆ ಮಾಡಿದ್ರಿ ಅಳಿಯಂದ್ರೇ?” ಎಂದರು.

“ಬದುಕಿಸ್ಬೇಕಿತ್ತು ಅತ್ತೆ.”

“ಅದೇ ಹೇಳಿದ್ದು. ಬದುಕಿಸ್ಬೇಕು ಅಂತಿದ್ರೆ ಇಷ್ಟೆಲ್ಲ ಯಾಕೆ ಮಾಡಿದ್ರಿ?”

ಹೋಗುವಾಗ ಗಿಡವನ್ನು ಎಲೆಯಡಿಕೆ ಚೀಲದ ಪಕ್ಕ ಸೆರಗಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದರು. ಮುಂದಿನ ಭಾನುವಾರ ನಾನು ಉಳವಿಯಲ್ಲಿದ್ದೆ. ಕೆಲಸವಿತ್ತು ಎಂದೆ, ಏನು ಕೆಲಸ ಎಂದು ಅತ್ತೆ ಕೇಳಲಿಲ್ಲ. ಹಳೆಯ ಮಾವಿನ ಕೊಂಬೆಯ ತುಂಡಿಗೆ ಗಿಡವನ್ನು ತೆಂಗಿನ ಸಿಪ್ಪೆಯ ಜೊತೆ ಹಳೇ ಸೀರೆಯ ಅಂಚಿನಿಂದ ಕಟ್ಟಿ, ಜಗಲಿಯ ಸೂರಿಗೆ ತೂಗುಬಿಟ್ಟಿದ್ದರು. ಕೈ ಚಾಚಿದೆ. “ನೋಡಿ, ಮುಟ್ಬೇಡಿ” ಎಂಬ ಮಾತು ಅಡುಗೆಮನೆಯಿಂದ ಬಂತು. ಅಲ್ಲಿಂದ ಅವರಿಗೆ ಜಗಲಿ ಕಾಣುವುದಿಲ್ಲ. ಹೀಗೆ ನಾಲ್ಕು ಭಾನುವಾರ ಬಸ್ಸಿನಲ್ಲಿ ಹೋಗಿ, ನೋಡಿ, ಮುಟ್ಟದೆ, ಬಸ್ಸಿನಲ್ಲಿ ಬಂದೆ. ನನ್ನ ಜೀವಮಾನದಲ್ಲಿ ಇದಕ್ಕಿಂತ ಕಷ್ಟದ ಕೆಲಸ ಮಾಡಿಲ್ಲ. ಐದನೆಯ ಭಾನುವಾರ ಎಲೆಯ ಸಂದಿನಿಂದ ಬೆಳ್ಳಿ ಬಣ್ಣದ ಒಂದು ಬೇರು, ತುದಿಯಲ್ಲಿ ಮುಳ್ಳಿನಷ್ಟು ಹಸಿರು ಹೊಳಪು ಹೊತ್ತು, ಮರದ ತುಂಡನ್ನು ತಡವುತ್ತಿತ್ತು. ಯಾರೂ ಸುತ್ತದ ತಂತಿ ತಾನೇ ದಾರಿ ಹುಡುಕಿಕೊಂಡು ಸುತ್ತಿಕೊಳ್ಳುವುದನ್ನು ಅವತ್ತು ಮೊದಲ ಬಾರಿಗೆ ನೋಡಿದೆ.

ದೀಪಾವಳಿ ಕಳೆದ ಮೇಲೆ ರತ್ನ ತವರಿಗೆ ಹೋಗಿ ಅದನ್ನು ಮರದ ತುಂಡಿನ ಸಮೇತ ತಂದು ಕಿಟಕಿಗೆ ತೂಗುಹಾಕಿದಳು. ಆಗ ಮಾತಿನ ಪ್ರಶ್ನೆ ಬಂತು. ಮೂರರಲ್ಲಿ ಒಂದು ಬದುಕಿತ್ತು, ಕಿಟಕಿಯಲ್ಲೂ ಇತ್ತು. ಆಡಿದ ಮಾತಿನ ಅಕ್ಷರ ಹಿಡಿದರೆ ನಾನು ಗೆದ್ದ ಹಾಗೆ. ರತ್ನ ದಾರ ಪೋಣಿಸುತ್ತ ಕಾದಳು. ಬೇರೆಯವರು ಸುತ್ತಿದ ಮೋಟಾರನ್ನು ನಾನು ಸುತ್ತಿದ್ದು ಎಂದು ಇವತ್ತಿನವರೆಗೆ ಹೇಳಿದವನಲ್ಲ ನಾನು. “ಬದುಕ್ತು. ಬದುಕಿಸಿದ್ದು ನಾನಲ್ಲ” ಎಂದೆ. ಮನೆಯ ಡ್ರಾಯರಿನಲ್ಲಿದ್ದ ಮೂರು ಸ್ಕ್ರೂಡ್ರೈವರುಗಳನ್ನು ಅಂಗಡಿಗೆ ಒಯ್ದಿಟ್ಟೆ. ತಂತಿಯ ಗುಡ್ಡೆಯನ್ನೂ ಅವತ್ತೇ ಗಾಡಿಗೆ ಹೇರಿಸಿ ಗುಜರಿಗೆ ಕಳಿಸಿದೆ. ಅರ್ಧ ದಿನದ ಕೆಲಸ. ಇಪ್ಪತ್ತು ವರ್ಷ ಹಿಡಿದಿತ್ತು.

ಮಾಗಿಯ ಚಳಿಗೆ ಗಿಡ ಹೂವಿನ ಕಡ್ಡಿ ಹಾಕಿತು. ಒಂದು ಬೆಳಿಗ್ಗೆ ನಾನು ಅದನ್ನು ನೋಡುತ್ತ ನಿಂತಿದ್ದಾಗ, ಖಾದರ್ ಸಾಬರು ಕಿಟಕಿಯ ಆಚೆಯಿಂದ, “ಏನ್ರೀ ಮಂಜಣ್ಣ, ಮೋಟಾರ್ ರಿಪೇರಿಗೆ ಕೊಟ್ಟವರಂಗೆ ನಿಂತೀರಿ” ಎಂದರು. ನೋಡಿಕೊಂಡೆ. ಗಿಡದಿಂದ ಮೂರಡಿ ದೂರ, ಕೈ ಹಿಂದೆ ಕಟ್ಟಿ, ಕುತ್ತಿಗೆ ಚಾಚಿ ನಿಂತಿದ್ದೆ.

ಮೊನ್ನೆ ರತ್ನ ಮಷೀನಿನ ತಲೆಯನ್ನು ಹೊತ್ತುಕೊಂಡು ಅಂಗಡಿಗೇ ಬಂದಳು. “ಮನೇಲಿ ಬಿಚ್ಚಬಾರ್ದು ಅಂತ ತಾನೆ ಮಾತು? ಇದು ಅಂಗಡಿ. ಕಟಕಟ ಅಂತದೆ, ನೋಡಿ” ಎಂದು ಬೆಂಚಿನ ಮೇಲಿಟ್ಟಳು. ನಾನು ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳಿದೆ. ಎರಡು ತೊಟ್ಟು ಎಣ್ಣೆ ಬಿಟ್ಟೆ. ಸದ್ದು ನಿಂತಿತು.

“ಬಿಚ್ಚಲಿಲ್ವಾ?”

“ಬೇಕಾಗಿಲ್ಲ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೈ ಹುಷಾರಿದೆಯೇನ್ರೀ?” ಎಂದು ಹಣೆ ಮುಟ್ಟಿ ನೋಡಿ, ಮಷೀನು ಎತ್ತಿಕೊಂಡು ಹೋದಳು. ಅವಳು ಒಳಗೆ ಹೋಗಿ ಹೊಲಿಗೆಯ ಸದ್ದು ಶುರುವಾಗುವ ತನಕ ಕಾದೆ. ಆಮೇಲೆ ಎದುರಿಗೆ ಹಾಯಾಗಿ ತಿರುಗುತ್ತಿದ್ದ ಅಂಗಡಿಯ ಟೇಬಲ್ ಫ್ಯಾನನ್ನು ಆರಿಸಿ, ಬೆಂಚಿನ ಮೇಲೆ ಮಲಗಿಸಿ, ಬಿಚ್ಚಿದೆ. ಅದಕ್ಕೆ ಏನೂ ಆಗಿರಲಿಲ್ಲ.