ಅತ್ತೆಯ ಸಕ್ಕರಿ ಮೀನು

ಹೆದರುವವರಲ್ಲಿ ಎರಡು ತರದವರಿದ್ದಾರೆ. ಹುಲಿ, ಹಾವು, ದೆವ್ವಗಳಿಗೆ ಹೆದರುವವರು ಮರ್ಯಾದಸ್ಥರು. ನಾಲ್ಕು ಜನರ ಮುಂದೆ ಹೇಳಿಕೊಂಡರೂ ಯಾರೂ ನಗುವುದಿಲ್ಲ. ನಾನು ಎರಡನೆಯ ತರದವಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಓಡಿ ಬರುವವಳು, ಕುಕ್ಕರ್ ಸೀಟಿ ಹೊಡೆಯುವ ಮೊದಲೇ ಹಿತ್ತಲಿಗೆ ಹೋಗಿ ನಿಲ್ಲುವವಳು. ಇಂಡಿ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನನ್ನು ಕಂಡರೆ ಮಕ್ಕಳು ನಡುಗುತ್ತಾರಂತೆ. ನಡುಕ ನಿಜವಾಗಿ ಯಾರದೆಂದು ಅವರಿಗೇನು ಗೊತ್ತು? ಇಂಥವಳ ಕೈಗೆ ಕಳೆದ ಬೇಸಿಗೆಯಲ್ಲಿ ನನ್ನ ಅತ್ತೆ ತಮ್ಮ ಮೀನನ್ನು ಒಪ್ಪಿಸಿ, ಮಗಳ ಬಾಣಂತನಕ್ಕೆಂದು ಮುದ್ದೇಬಿಹಾಳಕ್ಕೆ ಹೊರಟರು.

ತಲೆತಲಾಂತರದಿಂದ ಸಸ್ಯಾಹಾರಿಗಳಾದ ನಮ್ಮ ಮನೆಗೆ ಮೀನು ಬಂದದ್ದು ನಮ್ಮ ಯಜಮಾನರ ಶೋಕಿಯಿಂದ. ಪಡಸಾಲೆಗೆ ಕಳೆ ಬರಲೆಂದು ಗಾಜಿನ ತೊಟ್ಟಿ ತಂದರು. ಬಣ್ಣದ ಮೀನುಗಳೆಲ್ಲ ಒಂದೊಂದಾಗಿ ಸತ್ತು, ಗಾಜಿಗೆ ಬಾಯಿ ಅಂಟಿಸಿಕೊಂಡು ಕೂರುವ ಕರಿಮೀನೊಂದೇ ಉಳಿಯಿತು. ಅಂಗಡಿಯವನು ಅದನ್ನು ಪ್ಲೆಕೊ ಎಂದೂ ಸಕ್ಕರ್ ಎಂದೂ ಕರೆದಿದ್ದ. ಅತ್ತೆಗೆ ಅದು ಸಕ್ಕರಿ ಎಂದು ಕೇಳಿಸಿತು. ಗೇಣುದ್ದದ ಮೈ, ಮೈತುಂಬ ಗರಗಸದಂಥ ಚಿಪ್ಪು, ರೆಕ್ಕೆಗಳಲ್ಲಿ ಮುಳ್ಳು. ಸಕ್ಕರೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ ಓಣಿಗೆಲ್ಲ ಅದು ಸಕ್ಕರಿ ಮೀನೇ ಆಯಿತು.

ಅತ್ತೆ ಬಸವನ ಬಾಗೇವಾಡಿಯವರು, ಮಾತು ಖಡಕ್ಕು. ಬಸ್ಸು ಬರುವವರೆಗೂ ನನಗೆ ಪಾಠ ನಡೆಯಿತು. ಬರೀ ಗಾಜಿನ ಪಾಚಿ ತಿಂದು ಅದು ಬದುಕುವುದಿಲ್ಲ, ಸಂಜೆ ಸೌತೆಕಾಯಿ ಹೋಳು ಹಾಕಬೇಕು, ಹೀರೇಕಾಯಿಯಾದರೆ ಬೇಯಿಸಿಯೇ ಹಾಕಬೇಕು. ಒಳಗಿರುವ ಕಟ್ಟಿಗೆಯ ತುಂಡನ್ನು ಅದು ಕೆರೆದು ತಿನ್ನುತ್ತದೆ, ತೆಗೆಯಕೂಡದು. ನೀರು ಬದಲಿಸುವುದಾದರೆ ಸ್ವಲ್ಪವೇ, ಅದೂ ಬ್ಯಾರಲ್ಲಿನಲ್ಲಿ ನಿಂತ ನೀರಿನಿಂದ. ಕಡೆಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಹೊಟ್ಟಿ ಒಳಗ ಹೋಗದಂಗ ನೋಡಿಕೋ, ಹೊಟ್ಟಿ ಬತ್ತಿತಂದರ ಅದು ಉಳಿಯಂಗಿಲ್ಲ” ಎಂದರು. ಆ ಮಾತಿನೊಂದಿಗೆ ನನ್ನ ನಿದ್ದೆಯೂ ಮುದ್ದೇಬಿಹಾಳದ ಬಸ್ಸು ಹತ್ತಿತು.

ಆ ಮೀನಿನ ಸ್ವಭಾವವೇ ಹೆದರಿಸುವಂಥದ್ದು. ಹಗಲೆಲ್ಲ ಕಟ್ಟಿಗೆಯ ಹಿಂದೆ ಅಲ್ಲಾಡದೆ ಬಿದ್ದಿರುತ್ತದೆ. ಸತ್ತಿತೇ ಎಂದು ನಾನು ಗಾಜಿಗೆ ಮೂಗು ಒತ್ತಿ, ಬ್ಯಾಟರಿ ಬಿಟ್ಟು ನೋಡುತ್ತಿದ್ದೆ. ಕಿವಿರು ಒಮ್ಮೆ ಮಿಸುಕಿದರೆ ನನಗೂ ಉಸಿರು ಬರುತ್ತಿತ್ತು. ಅತ್ತೆಯ ಫೋನು ಬಂದಾಗ ಮೊಮ್ಮಗುವಿನ ಸಮಾಚಾರ ನಾನು ಕೇಳುವುದಕ್ಕೂ ಮೊದಲು ಮೀನಿನ ಹೊಟ್ಟೆಯ ಸಮಾಚಾರ ನಾನೇ ಹೇಳಬೇಕಾಗುತ್ತಿತ್ತು.

ಒಂದು ಭಾನುವಾರ, ಯಜಮಾನರು ನೆಂಟರ ನಿಶ್ಚಿತಾರ್ಥಕ್ಕೆಂದು ಸಿಂದಗಿಗೆ ಹೋಗಿದ್ದಾಗ, ತೊಟ್ಟಿಯ ನೀರು ಮಬ್ಬಾಗಿ ಕಂಡಿತು. ಹೆದರಿಕೆ ಬುದ್ಧಿಗಿಂತ ಮುಂದೆ ಓಡಿತು. ಮೀನು ಮುಳುಗುವಷ್ಟು ಮಾತ್ರ ಬಿಟ್ಟು ಅಷ್ಟೂ ನೀರನ್ನು ಪೈಪಿನಿಂದ ಇಳಿಸಿದೆ. ಆಗಷ್ಟೇ ನಳ ಬಂದಿತ್ತು. ಬ್ಲೀಚಿಂಗ್ ಪುಡಿಯ ವಾಸನೆ ಹೊಡೆಯುವ ಆ ತಾಜಾ ನೀರನ್ನೇ ಕಂಠದವರೆಗೆ ತುಂಬಿ, ಗಾಜು ಹೇಗೆ ಫಳಫಳ ಹೊಳೆಯುತ್ತಿದೆ ಎಂದು ಹಿಗ್ಗಿದೆ. ಮೀನು ಎಂದೂ ಇಲ್ಲದಂತೆ ಮೇಲೆ ಕೆಳಗೆ ಓಡಾಡತೊಡಗಿತು. ಪಾಪ, ಖುಷಿಯಾಗಿದೆ ಎಂದುಕೊಂಡೆ. ಮುಚ್ಚಳ ತೆರೆದಿಟ್ಟು ಸೌತೆಕಾಯಿ ತರಲು ಅಡುಗೆಮನೆಗೆ ತಿರುಗಿದೆನೋ ಇಲ್ಲವೋ, ಹಿಂದೆ ಥಪ್ಪೆಂದು ಸದ್ದಾಯಿತು.

ಪಡಸಾಲೆಯ ನೆಲದ ಮೇಲೆ ಅತ್ತೆಯ ಮೀನು ಬಿದ್ದಿತ್ತು. ಬಾಲ ಒಮ್ಮೆ ಬಡಿಯಿತು, ಸುಮ್ಮನಾಯಿತು. ನಾನು ಜನ್ಮದಲ್ಲಿ ಮೀನು ಮುಟ್ಟಿದವಳಲ್ಲ. ಕೈ ಮುಂದೆ ಹೋಗುತ್ತದೆ, ಮುಳ್ಳು ಕಂಡು ಹಿಂದೆ ಬರುತ್ತದೆ. ಯಾರಿಗೆ ತಿಳಿಯಬಾರದೋ ಅವರಿಗೇ ಫೋನ್ ಮಾಡಬೇಕಾಯಿತು.

“ಅತ್ತಿಯವರ, ಮೀನು ನೆಲದ ಮ್ಯಾಲೆ ಬಿದ್ದೈತ್ರಿ” ಎಂದೆ.

ಅತ್ತೆ ಬೈಯಲಿಲ್ಲ. “ಕೈ ತೊಯ್ಸಿಕೋ. ಹೊಟ್ಟಿ ಕೆಳಗ ಎರಡೂ ಕೈ ಹಾಕಿ ಎತ್ತು. ಟವೆಲ್ ಅರಿವಿಲೆ ಹಿಡೀಬ್ಯಾಡ, ಮುಳ್ಳು ಸಿಕ್ಕೊಂತಾವ. ಬ್ಯಾರಲ್ ನೀರಿನ ಬಕೆಟ್ಟಿಗೆ ಬಿಡು. ಅಂಜಬ್ಯಾಡ, ಅದು ಏನೂ ಮಾಡಂಗಿಲ್ಲ.”

ಕಣ್ಣು ಮುಚ್ಚಿಕೊಂಡೇ ಎತ್ತಿದೆ. ಹಸಿ ಹಲಸಿನ ಸಿಪ್ಪೆ ಜೀವ ಬಂದು ಮಿಸುಕಿದ ಹಾಗಿತ್ತು. ಬಕೆಟ್ಟಿನಲ್ಲಿ ಅದು ಮಗ್ಗುಲಾಗಿ ತಳ ಸೇರಿತು. ತೊಟ್ಟಿಗೆ ಗಾಳಿ ಊದುವ ಪೈಪನ್ನು ಅಲ್ಲಿಗೇ ಎಳೆದು ಬಿಟ್ಟು, ನಾನೂ ಪಕ್ಕದಲ್ಲಿ ನೆಲಕ್ಕೆ ಕುಕ್ಕರಿಸಿದೆ. ಯಾವ ದೇವರಿಗೆ ಏನು ಹರಕೆ ಹೊತ್ತೆನೋ ನೆನಪಿಲ್ಲ. ಎಷ್ಟೋ ಹೊತ್ತಿನ ಮೇಲೆ ಅದು ನೆಟ್ಟಗಾಗಿ ಬಕೆಟ್ಟಿನ ಗೋಡೆಗೆ ಬಾಯಿ ಅಂಟಿಸಿತು. ಆಗ ಅಳು ಬಂತು. ಸಂಜೆ ಯಜಮಾನರು ಬಂದ ಮೇಲೆ ನಳದ ನೀರನ್ನೆಲ್ಲ ಚೆಲ್ಲಿ, ಬ್ಯಾರಲ್ಲಿನ ನೀರು ತುಂಬಿ ಅದನ್ನು ತೊಟ್ಟಿಗೆ ಬಿಟ್ಟೆವು. ಮುಚ್ಚಳದ ಮೇಲೆ ನಾನು ರುಬ್ಬುಗುಂಡು ಇಡಲು ಹೋದೆ. ಗಾಜು ಒಡೆದೀತೆಂದು ಅವರು ಬೇಡವೆಂದರು.

ಅತ್ತೆ ಮರಳಿ ಬಂದವರು ಚಪ್ಪಲಿ ಬಿಟ್ಟು ನೇರ ತೊಟ್ಟಿಯ ಮುಂದೆ ಕೂತರು. ಹೊಟ್ಟೆ ದುಂಡಗಿತ್ತು. ನಾನು ಧೈರ್ಯ ಮಾಡಿ, ಮೊದಲ ಸಲ ಅದನ್ನು ಮುಟ್ಟಿದಾಗ ನಿಮಗೂ ಮೈ ಝುಂ ಎಂದಿತ್ತೇ ಎಂದು ಕೇಳಿದೆ. ಮಗ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಅವರು ದನಿ ತಗ್ಗಿಸಿದರು.

“ನಾ ಯಾವಾಗ ಮುಟ್ಟೇನಿ? ಅದನ್ನ ಕಂಡರ ನನಗ ಅಂಜಿಕಿ. ಅಂಗಡಿಯಾಂವ ಹೇಳಿದ್ದು ನಿನಗ ಹೇಳಿದೆ. ನೀ ಭಾಳ ಗಟ್ಟಿ ಹೆಣ್ಣಮಗಳು ಬಿಡು.”

ಈ ಕೊನೆಯ ಮಾತನ್ನು ಮಾತ್ರ ಅವರು ದನಿ ಏರಿಸಿ ಓಣಿಗೆಲ್ಲ ಸಾರಿದರು. ಅಂದಿನಿಂದ ಯಾರ ಮನೆಯಲ್ಲಿ ಏನು ಹೊಕ್ಕರೂ ನನಗೆ ಕರೆ. ಮೊನ್ನೆ ಪಕ್ಕದ ಮನೆಯ ಬಚ್ಚಲಿಗೆ ಚೇಳು ಬಂತು. ಇಲ್ಲ ಎನ್ನಲು ಹೆದರಿಕೆಯಾಗಿ ಪೊರಕೆ ಹಿಡಿದು ಒಳಗೆ ಹೋದೆ. ಹೊರಗೆ ಹೆಂಗಸರೆಲ್ಲ ನನ್ನ ಎದೆಗಾರಿಕೆಯನ್ನು ಹೊಗಳುತ್ತಿದ್ದರು. ಒಳಗೆ ನಾನು ಸ್ಟೂಲಿನ ಮೇಲೆ ಹತ್ತಿ ನಿಂತಿದ್ದನ್ನು ಕಂಡದ್ದು ಆ ಚೇಳೊಂದೇ.