ಕ್ಯಾಪ್ಟನ್ ಟ್ರೆವಿಕ್ಕನ ಕೋಟು

ಪಕ್ಕದ ಮನೆಯ ಡೋರೀನ್ ಪಾರ್ಜಿಟರ್‌ಗೆ ಕೊಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಆ ಶನಿವಾರ ಬೆಳಿಗ್ಗೆ ಆಕೆ ತನ್ನ ಅಡುಗೆಮನೆ ತೊಳೆದಳು, ಮೆಟ್ಟಿಲು ತೊಳೆದಳು, ಕಸದ ಡಬ್ಬಿಯನ್ನೂ ಒಳಗೆ ಹೊರಗೆ ತಿಕ್ಕಿ ತೊಳೆದಳು. ತನ್ನ ಮನೆಯಲ್ಲಿ ಇನ್ನೇನೂ ಉಳಿಯದಿದ್ದಾಗ ವಿಲ್ಫ್ ಟಪ್ಪರ್‌ನ ಮನೆಯ ಬೀಗ ತೆಗೆದು ಒಳಗೆ ಬಂದಳು.

ಬೀಗದ ಕೈ ಕೊಟ್ಟವಳು ವಿಲ್ಫ್‌ನ ಹೆಂಡತಿ ಹಿಲ್ಡಾನೇ. ಹಿಂದಿನ ದಿನ ಆಕೆ ಸಮುದ್ರದಂಡೆಯ ಊರಿನಲ್ಲಿದ್ದ ಅಕ್ಕನನ್ನು ನೋಡಲು ಹೊರಟಾಗ, "ನಮ್ಮೋನ್ನ ಸ್ವಲ್ಪ ನೋಡ್ಕೋ ಕಣೇ. ಕುಂಚ ಹಿಡಿದ್ರೆ ಊಟ ಮರೆತ್ಬಿಡ್ತಾನೆ. ನಾಳೆ ಮೂರು ಗಂಟೆಗೆ ಸೀದಾ ಚರ್ಚ್ ಹಾಲ್‌ಗೇ ಬರ್ತೀನಿ" ಎಂದು ಹೇಳಿ ಹೋಗಿದ್ದಳು.

ಒಂಬತ್ತು ಗಂಟೆಗೆ ವಿಲ್ಫ್ ಕಣ್ಣುಜ್ಜಿಕೊಳ್ಳುತ್ತ ಮಹಡಿಯಿಂದ ಇಳಿದು ಬಂದ. ಸಿಂಕಿನ ಪಕ್ಕ ಬಣ್ಣ ತುಂಬಿದ ಆರು ಹಳೆಯ ಸಾಸಿವೆ ಶೀಶೆಗಳು ಫಳಫಳ ಹೊಳೆಯುತ್ತ ಸಾಲಾಗಿ ನಿಂತಿದ್ದವು. ಅವುಗಳ ಪಕ್ಕದಲ್ಲಿ ಹೆಬ್ಬೆರಳಷ್ಟು ಎತ್ತರದ ಒಬ್ಬ ಲೋಹದ ಮನುಷ್ಯ ಕತ್ತಿ ಎತ್ತಿ ನಿಂತಿದ್ದ. ಅವನ ಮೈಮೇಲೆ ಒಂದು ಚೂರು ಬಣ್ಣವಿರಲಿಲ್ಲ.

"ಅಯ್ಯೋ ದೇವರೇ! ನನ್ನ ಕ್ಯಾಪ್ಟನ್!" ಎಂದು ವಿಲ್ಫ್ ಕೂಗಿಕೊಂಡ.

"ಕ್ಯಾಪ್ಟನ್ನೋ ಗೀಪ್ಟನ್ನೋ, ಎಷ್ಟು ಕೊಳಕಾಗಿದ್ದ ಗೊತ್ತಾ?" ಡೋರೀನ್ ಹೆಮ್ಮೆಯಿಂದ ಕೈ ಒರೆಸಿಕೊಂಡಳು. "ತಂತಿ ಬ್ರಷ್ ಹಾಕಿ ಉಜ್ಜಿದ್ಮೇಲೆ ದಾರಿಗೆ ಬಂದ. ಆ ಶೀಶೆಗಳೂ ಅಷ್ಟೆ, ಮೈತುಂಬ ಕೊಳೆ ಕಾಗದ. ಬಿಸಿನೀರಲ್ಲಿ ಮುಳುಗಿಸಿಟ್ಟೆ ನೋಡಿ, ತಾವಾಗೇ ಕಳಚ್ಕೊಂಡ್ವು."

ವಿಲ್ಫ್ ಸಿಂಕಿನೊಳಗೆ ಬಗ್ಗಿ ನೋಡಿದ. ಹಿಲ್ಡಾಳ ದುಂಡು ಅಕ್ಷರದ ಆರು ಚೀಟಿಗಳು ನೀರಿನಲ್ಲಿ ಗಂಜಿಯಾಗಿ ತೇಲುತ್ತಿದ್ದವು. ಅಲ್ಲೇ ಕುರ್ಚಿಯ ಮೇಲೆ ಕುಸಿದು ಕುಳಿತ.

ಅಷ್ಟಕ್ಕೆಲ್ಲ ಕುಸಿಯಬೇಕೇ ಅಂತ ನೀವು ಕೇಳಬಹುದು. ಕುಸಿಯಲೇಬೇಕಿತ್ತು. ವಿಲ್ಫ್ ಟಪ್ಪರ್‌ನ ಕಣ್ಣಿಗೆ ಕೆಂಪು, ಹಸಿರು, ಕಂದು ಎಲ್ಲ ಒಂದೇ. ಮೂವತ್ತೆಂಟು ವರ್ಷ ಅಂಚೆ ಹಂಚಿದ ಮನುಷ್ಯ; ಅಂಚೆ ಡಬ್ಬಿಯ ಬಣ್ಣ ಯಾವುದು ಅಂತ ಯಾರೂ ಅವನನ್ನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಈ ಗುಟ್ಟು ಗೊತ್ತಿದ್ದದ್ದು ಹಿಲ್ಡಾ ಒಬ್ಬಳಿಗೇ. ಬಣ್ಣ ಬೆರೆಸುವವಳೂ ಅವಳೇ, ಶೀಶೆಗೆ ಚೀಟಿ ಅಂಟಿಸುವವಳೂ ಅವಳೇ. ಚೀಟಿ ಓದಿ ಕುಂಚ ಅದ್ದುವುದಷ್ಟೇ ವಿಲ್ಫ್‌ನ ಕೆಲಸ.

ಇಷ್ಟಕ್ಕೂ ಈ ಹುಚ್ಚು ಹಚ್ಚಿದ್ದು ಕ್ಯಾಪ್ಟನ್ ಟ್ರೆವಿಕ್. ನೆಪೋಲಿಯನ್ನನ ಕಾಲದ ಯುದ್ಧದಲ್ಲಿ ಪೋರ್ಚುಗಲ್ಲಿನ ಕಂದುಕೋಟಿನ ದಂಡನ್ನು ನಡೆಸಿದ ಈ ವೀರನ ಸಾಹಸಗಳು ಹತ್ತೊಂಬತ್ತು ಸಂಪುಟಗಳ ಕಾದಂಬರಿಯಾಗಿ ಬಂದಿವೆ. ಪ್ರತಿ ಸಂಜೆ ವಿಲ್ಫ್ ಬೊಂಬೆ ಸೈನಿಕರಿಗೆ ಬಣ್ಣ ಹಚ್ಚುತ್ತಿದ್ದರೆ ಹಿಲ್ಡಾ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುತ್ತಾಳೆ. ಮೂರನೆಯ ಸಂಪುಟದಲ್ಲಿ ಕ್ಯಾಪ್ಟನ್ನನ ಹೇಸರಗತ್ತೆ ಸತ್ತಾಗ ವಿಲ್ಫ್ ಎರಡು ದಿನ ಕುಂಚ ಮುಟ್ಟಿರಲಿಲ್ಲ, ಅಷ್ಟು ಮೆತ್ತಗಿನ ಜೀವ. ನಾಲ್ಕು ವರ್ಷ ಕೂತು ಅವನು ಇಡೀ ದಂಡನ್ನೇ ಮಾಡಿದ್ದ. ಕಲ್ಲಿನ ಸೇತುವೆಯ ಮೇಲೆ ಐವತ್ತೊಂಬತ್ತು ಜನ ಕಂದುಕೋಟಿನವರು, ಮುಂದೆ ಕ್ಯಾಪ್ಟನ್.

ಇವತ್ತು ಆಲ್ಡರ್‌ಬಿ ಸೈನಿಕ ಬೊಂಬೆ ಸಂಘದ ವಾರ್ಷಿಕ ಸ್ಪರ್ಧೆ. ವಿಲ್ಫ್ ಹನ್ನೊಂದು ವರ್ಷದಿಂದ ಎರಡನೆಯ ಬಹುಮಾನ ತರುತ್ತಿದ್ದಾನೆ, ಅಂದರೆ ಒಂದು ಕಾಗದ. ಮೊದಲನೆಯದಕ್ಕೆ ಬೆಳ್ಳಿ ಬಟ್ಟಲು. ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ, ಗಡಿಯಾರಕ್ಕೂ ಪಿಂಗಾಣಿ ನಾಯಿಗೂ ನಡುವೆ ಹಿಲ್ಡಾ ಹನ್ನೊಂದು ವರ್ಷದಿಂದ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದಾಳೆ. ಪ್ರತಿ ಸೋಮವಾರ ಆ ಖಾಲಿ ಜಾಗದ ಧೂಳನ್ನೂ ಒರೆಸುತ್ತಾಳೆ. ಯಾಕೆ ಅಂತ ಅವಳು ಒಂದು ದಿನವೂ ಹೇಳಿಲ್ಲ. ಈ ಸಲ ಬಟ್ಟಲು ತಂದು ಅಲ್ಲಿಡಲೇಬೇಕು ಅಂತ ಅವನು ನಿಶ್ಚಯ ಮಾಡಿದ್ದ.

ಹಿಲ್ಡಾಳಿಗೆ ಫೋನ್ ಮಾಡಿದ. ರೊಟ್ಟಿ ಡಬ್ಬಿಯೊಳಗೆ ಟ್ರಿಣ್ ಟ್ರಿಣ್ ಅಂತು. ಮರೆತು ಹೋಗಿದ್ದಳು ಪುಣ್ಯಾತ್ಗಿತ್ತಿ. ಅಕ್ಕನ ಮನೆಯ ಫೋನನ್ನು ಯಾರೂ ಎತ್ತಲಿಲ್ಲ.

ವಿಲ್ಫ್ ಧೈರ್ಯ ತಂದುಕೊಂಡು ಶೀಶೆಗಳ ಮುಂದೆ ಕೂತ. ಬಿಳಿ, ಕಪ್ಪು, ನೀಲಿ ಅವನಿಗೂ ಗೊತ್ತಾಗುತ್ತಿದ್ದವು, ಅವನ್ನು ಪಕ್ಕಕ್ಕಿಟ್ಟ. ಉಳಿದವು ಮೂರು. ಕ್ಯಾಪ್ಟನ್ನನ ಕೋಟು ಒಂದೇ ಹನಿ ಹಾಲು ಬಿದ್ದ ಗಟ್ಟಿ ಚಹಾದ ಬಣ್ಣ ಅಂತ ಹಿಲ್ಡಾ ಒಮ್ಮೆ ಹೇಳಿದ್ದು ನೆನಪಾಯಿತು. ಸರಿ, ಚಹಾ ಮಾಡಿ ಲೋಟ ಮಧ್ಯೆ ಇಟ್ಟು ಮೂರೂ ಶೀಶೆಯನ್ನು ಹೋಲಿಸಿದ. ಮೂರೂ ಚಹಾದ ಹಾಗೇ ಕಂಡವು. ಒಂದರಲ್ಲಿ ಕುಂಚ ಅದ್ದಿ ಕಾಗದದ ಮೇಲೆಳೆದು ನೋಡಿದ, ಏನೂ ಹೊಳೆಯಲಿಲ್ಲ. ಕುಂಚವನ್ನು ನೀರಿಗೆ ಅದ್ದಿ, ಬೇಸರದಿಂದ ಚಹಾ ಕುಡಿದ.

ಆದರೆ ಅದ್ದಿದ್ದು ನೀರಿಗಲ್ಲ, ಚಹಾಕ್ಕೆ. ಈ ಹವ್ಯಾಸದವರು ಜನ್ಮದಲ್ಲಿ ಒಂದು ನೂರು ಸಲವಾದರೂ ಮಾಡುವ ತಪ್ಪು ಇದು.

"ಥೂ, ಏನ್ರೀ ಅದು!" ನೆಲ ಒರೆಸುತ್ತಿದ್ದ ಡೋರೀನ್ ಚೀರಿದಳು. "ತುಟಿಗೆ ಕೆಂಪು ಬಳ್ಕೊಂಡಿದೀರಲ್ರೀ! ಹೆಂಡ್ತಿ ಊರಲ್ಲಿಲ್ಲ ಅಂದ್ರೆ ಇದೇನಾ ನಿಮ್ಮಾಟ?"

"ಕೆಂಪಾ? ನಿಜವಾಗ್ಲೂ ಕೆಂಪಾ?" ವಿಲ್ಫ್ ಎದ್ದು ಅವಳ ಎರಡೂ ಕೈ ಹಿಡಿದುಕೊಂಡ. "ದೇವರು ನಿಮಗೆ ಒಳ್ಳೇದು ಮಾಡ್ಲಿ ಡೋರೀನ್!"

ಕೆಂಪು ಶೀಶೆಯೂ ಪಕ್ಕಕ್ಕೆ ಹೋಯಿತು. ಇನ್ನು ಎರಡೇ. ಡೋರೀನ್ ಮಾತ್ರ ಅವನನ್ನು ಒಂದು ಥರಾ ನೋಡುತ್ತ ನೆಲದ ಇನ್ನೊಂದು ತುದಿಗೆ ಸರಿದಳು.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಬಂದವನು ಸಂಘದ ಕಾರ್ಯದರ್ಶಿ ಬರ್ನಾರ್ಡ್ ಕ್ಲೆಗ್. ಕೈಯಲ್ಲಿ ಸದಾ ಒಂದು ಭೂತಗನ್ನಡಿ. ಯಾವ ದಂಡಿನ ಕೋಟಿಗೆ ಎಷ್ಟು ಗುಂಡಿ, ಯಾವ ತೋಳಿಗೆ ಯಾವ ಪಟ್ಟಿ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಆಸಾಮಿ. ಕತೆ ಪುಸ್ತಕ ಮಾತ್ರ ಒಂದನ್ನೂ ಓದಿದವನಲ್ಲ. ಒಂದು ವರ್ಷ ಪಕ್ಕದೂರಿನ ಬಡಪಾಯಿಯೊಬ್ಬ ತೋಳಿನ ಪಟ್ಟಿಗೆ ತಪ್ಪು ಬಣ್ಣ ಹಚ್ಚಿದ್ದಕ್ಕೆ ಬರ್ನಾರ್ಡ್ ಎಷ್ಟು ನಕ್ಕನೆಂದರೆ, ಆತ ಬೊಂಬೆ ಬಿಟ್ಟು ಮೀನು ಹಿಡಿಯಲು ಹೋಗಿಬಿಟ್ಟ. ತನ್ನ ಗುಟ್ಟು ಈ ಮನುಷ್ಯನಿಗೆ ಗೊತ್ತಾದರೆ ತನ್ನ ಗತಿಯೂ ಅದೇ ಅಂತ ವಿಲ್ಫ್‌ಗೆ ಗೊತ್ತಿತ್ತು.

"ಶುಭ ಹಾರೈಸಿ ಹೋಗೋಣ ಅಂತ ಬಂದೆ," ಎಂದ ಬರ್ನಾರ್ಡ್, ಕಣ್ಣು ಮಾತ್ರ ಮೇಜಿನ ಮೇಲೆ. "ಓಹೋ, ಕ್ಯಾಪ್ಟನ್ ಇನ್ನೂ ಬರೀ ಮೈಲಿದಾನೆ!"

ವಿಲ್ಫ್ ಏನೋ ಹಗುರ ಮಾತು ಎಂಬಂತೆ ಕೇಳಿದ. "ಬರ್ನಾರ್ಡ್, ನೀನು ತಿಳಿದೋನು. ಈ ಎರಡರಲ್ಲಿ ಕೋಟಿಗೆ ಯಾವುದು ಸರಿ ಅಂತೀಯ?"

ಬರ್ನಾರ್ಡ್ ಎರಡೂ ಶೀಶೆ ನೋಡಿದ, ವಿಲ್ಫ್‌ನನ್ನು ನೋಡಿದ, ಕಣ್ಣು ಕಿರಿದು ಮಾಡಿದ. "ನನ್ನನ್ನೇ ಪರೀಕ್ಷೆ ಮಾಡ್ತೀಯೇನಯ್ಯಾ? ಮಗುಗೂ ಗೊತ್ತಾಗೋದನ್ನ ನನ್ನ ಕೇಳಿ ಗೇಲಿ ಮಾಡ್ಬೇಡ!" ಎಂದು ಸಿಡುಕಿ, ಬಾಗಿಲು ದಡಾರನೆ ಎಳೆದುಕೊಂಡು ಹೋದ.

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ವಿಲ್ಫ್ ಕಿಟಕಿಯಿಂದ ಹೊರಗೆ ನೋಡಿದ. ಅಂಗಳದ ಗೇಟು ಕಂಡಿತು, ಕಂಡದ್ದೇ ಅವನ ತಲೆಯಲ್ಲಿ ದೀಪ ಹೊತ್ತಿತು.

ಹತ್ತು ವರ್ಷದ ಹಿಂದೆ ಅವನು ಹಟ ಹಿಡಿದು ಆ ಗೇಟಿಗೆ ಕ್ಯಾಪ್ಟನ್ನನ ಕೋಟಿನ ಕಂದು ಬಣ್ಣವನ್ನೇ ಬಳಿಸಿದ್ದ. ಹಿಲ್ಡಾನೇ ಅಂಗಡಿಗೆ ಹೋಗಿ ಡಬ್ಬಿ ತಂದಿದ್ದಳು. ಅಂದಿನಿಂದ ಬೀದಿಗೆಲ್ಲ ಅವನ ಕಣ್ಣಿಗೆ ಅಷ್ಟು ಚೆಂದದ ಗೇಟು ಇನ್ನೊಂದಿಲ್ಲ. ಹೊಸದಾಗಿ ಬಂದ ಅಂಚೆಯವಳೊಬ್ಬಳು, ಬೇಲಿಗಿಡ ಎಲ್ಲಿ ಮುಗೀತು ಗೇಟೆಲ್ಲಿ ಶುರುವಾಯ್ತು ಗೊತ್ತಾಗಲ್ಲ ಅಂತ ಎರಡು ಸಲ ಮೊಣಕಾಲು ಬಡಿಸಿಕೊಂಡಿದ್ದಳು. ಈಗಿನವರಿಗೆ ಕೆಲಸದ ಮೇಲೆ ಗಮನವೇ ಇಲ್ಲ ಅಂತ ವಿಲ್ಫ್ ಬೈದುಕೊಂಡಿದ್ದ. ದಂಡಿನ ಕೋಟು ತೋರಿಸಿ ಕೇಳಿದರೆ ಗುಟ್ಟು ಬಯಲಾದೀತು, ಗೇಟಿನ ನೆಪದಲ್ಲಿ ಕೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ.

"ಡೋರೀನ್, ಗೇಟಿನ ಮೇಲೊಂದು ಗೀರು ಬಿದ್ದಿದೆ," ಎಂದ ಆದಷ್ಟು ಸಹಜವಾಗಿ. "ಈ ಎರಡರಲ್ಲಿ ಗೇಟಿಗೆ ಹೊಂದೋದು ಯಾವ್ದು, ಸ್ವಲ್ಪ ನೋಡಿ ಹೇಳ್ತೀರಾ?"

"ಅದನ್ನೇನು ನೋಡೋದು, ಇದು!" ಎಂದು ಡೋರೀನ್ ಒಂದು ಶೀಶೆಯನ್ನು ಫಕ್ಕನೆ ಎತ್ತಿಕೊಂಡಳು. "ಆ ಗೀರು ನೋಡಿ ನೋಡಿ ನಂಗೂ ಸಾಕಾಗಿತ್ತು. ಈಗ್ಲೇ ಬಳಿದ್ಬಿಡ್ತೀನಿ." ವಿಲ್ಫ್ ಬೇಡ ಬೇಡ ಅನ್ನುವಷ್ಟರಲ್ಲಿ ಆಕೆ ಹೊರಗೋಡಿ ಗೀರಿಗೆ ಬಳಿದೇಬಿಟ್ಟಳು. "ನೋಡಿ, ಎಲ್ಲಿತ್ತು ಅಂತ್ಲೇ ಗೊತ್ತಾಗಲ್ಲ!" ಎಂದು ಕೂಗಿದಳು. ಶೀಶೆಯ ತಳದಲ್ಲಿ ಉಳಿದದ್ದು ಒಂದು ಚಮಚ. ಕ್ಯಾಪ್ಟನ್ನಿಗೆ ಅಷ್ಟು ಧಾರಾಳ ಸಾಕು.

ವಿಲ್ಫ್ ಉಸಿರು ಬಿಗಿಹಿಡಿದು ಹಚ್ಚಿದ. ಅಷ್ಟು ಚೆನ್ನಾಗಿ ಅವನು ಎಂದೂ ಹಚ್ಚಿರಲಿಲ್ಲ. ಹಿಲ್ಡಾಳ ಕೂದಲೊಣಗಿಸುವ ಯಂತ್ರದಿಂದ ಒಣಗಿಸಿ, ಸೇತುವೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ. ಹಾಲ್‌ನಲ್ಲಿ ಅದನ್ನು ಮೇಜಿನ ಮೇಲಿಟ್ಟಾಗ ಸರಿಯಾಗಿ ಎರಡು ಐವತ್ತೈದು.

ಸುತ್ತ ಜನ ಸೇರಿದರು. ಹಿಂದುಗಡೆ ಯಾರೋ ಕಿಸಕ್ಕೆಂದರು. ಬರ್ನಾರ್ಡ್ ಭೂತಗನ್ನಡಿ ಹಿಡಿದು ಬಗ್ಗಿದವನು ನೆಟ್ಟಗಾಗಿ, ಇಡೀ ಹಾಲ್‌ಗೆ ಕೇಳುವಂತೆ ಹೇಳಿದ.

"ಹಸಿರು! ದಂಡೆಲ್ಲ ಕಂದು, ಕ್ಯಾಪ್ಟನ್ ಒಬ್ಬ ಹಸಿರು! ಏನಯ್ಯಾ ವಿಲ್ಫ್, ಕಣ್ಣೇನು ಮನೇಲಿ ಬಿಟ್ಟು ಬಂದಿದೀಯ?"

ನಗು ಹಾಲ್ ತುಂಬ ಹರಡಿತು. ವಿಲ್ಫ್‌ನ ಕಿವಿ ಬಿಸಿಯಾದವು. ಬಾಗಿಲಲ್ಲಿ ಹಿಲ್ಡಾ ಕಾಣಿಸಿದಳು, ಕೈಯಲ್ಲಿ ಚೀಲ, ತಲೆಯ ಮೇಲೆ ಊರಿಗೆ ಹೋಗುವ ಟೋಪಿ. ಜನರ ನಡುವೆ ನುಗ್ಗಿ ಬಂದು ಗಂಡನ ಪಕ್ಕ ನಿಂತಳು.

"ಡೋರೀನ್ ಚೀಟಿಯೆಲ್ಲ ತೊಳೆದ್ಬಿಟ್ಲು ಕಣೇ," ಎಂದ ವಿಲ್ಫ್ ಪಿಸುದನಿಯಲ್ಲಿ. "ಆದ್ರೂ ಗೇಟಿಗೆ ಹೋಲಿಸೇ ಹಚ್ಚಿದೆ."

"ಗೇಟಿಗಾ?" ಹಿಲ್ಡಾಳ ಮುಖ ಬಿಳಿಚಿತು. "ಅಯ್ಯೋ ವಿಲ್ಫ್, ನಮ್ಮ ಗೇಟು ಹಸಿರು ಕಣೋ. ಅಂಗಡೀಲಿ ಕಂದು ಡಬ್ಬಿ ನೋಡಿದ್ರೆ ಕೆಸರಿದ್ದಂಗಿತ್ತು. ನಂಗೆ ಮೊದಲಿಂದ ಹಸಿರು ಗೇಟಿನ ಆಸೆ. ನಿಂಗೆ ಹೇಗೂ ಗೊತ್ತಾಗಲ್ಲ ಅಂತ..."

ವಿಲ್ಫ್ ಅವಳನ್ನೇ ನೋಡಿದ. ಹತ್ತು ವರ್ಷ ಹಸಿರು ಗೇಟಿಗೆ ಸಲಾಮು ಹೊಡೆದಿದ್ದೆನಲ್ಲ ಅನ್ನಿಸಿತು. ಸಿಟ್ಟು ಬರಬೇಕಿತ್ತು, ಅವಳ ಕಣ್ಣಲ್ಲಿ ನೀರು ನೋಡಿ ಬರಲಿಲ್ಲ. ನಿಜ ಹೇಳಿ ಮರ್ಯಾದೆಯಿಂದ ಮನೆಗೆ ಹೋಗೋಣ ಅಂತ ಬಾಯಿ ತೆರೆದ.

"ಸ್ವಲ್ಪ ದಾರಿ ಬಿಡ್ತೀರಾ?" ಎಂಬ ಸಣ್ಣ ದನಿ ಕೇಳಿತು. ಈ ವರ್ಷದ ತೀರ್ಪುಗಾರ್ತಿ ಮಿಸ್ ಲಂಬ್, ಎಂಬತ್ತು ದಾಟಿದ ಹಳೆಯ ಗ್ರಂಥಪಾಲಕಿ. ಕೋಲೂರಿ ಬಂದು ಸೇತುವೆಯ ಮುಂದೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ತಲೆ ಎತ್ತಿದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ಹನ್ನೊಂದನೇ ಸಂಪುಟ," ಎಂದಳು. "ಹಿಮದಲ್ಲಿ ಸಾಯ್ತಾ ಇರೋ ಮುದುಕ ಸಾರ್ಜೆಂಟಿಗೆ ಟ್ರೆವಿಕ್ ತನ್ನ ಕಂದು ಕೋಟು ಹೊದಿಸ್ತಾನೆ. ಯಾರೋ ಕೊಟ್ಟ ಹಸಿರು ಕೋಟು ಹಾಕ್ಕೊಂಡು ಸೇತುವೆ ದಾಟ್ತಾನೆ. ಗುಂಡಿ ಎಣಿಸೋರಿಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು ಬರ್ನಾರ್ಡ್? ಪುಸ್ತಕಾನ ಎದೆಗಿಳಿಸ್ಕೊಂಡೋರಿಗೆ ಮಾತ್ರ ಗೊತ್ತು. ಬಟ್ಟಲು ಟಪ್ಪರ್‌ಗೇ."

ವಿಲ್ಫ್‌ಗೆ ಅಂಥದ್ದೊಂದು ಅಧ್ಯಾಯದ ನೆನಪೇ ಇರಲಿಲ್ಲ. "ನಾನು ಅದನ್ನ ಕೇಳೇ ಇಲ್ವಲ್ಲೇ..." ಎಂದು ಶುರು ಮಾಡಿದ. ಹಿಲ್ಡಾ ಅವನ ಕಾಲು ತುಳಿದಳು.

"ಅದನ್ನ ಹಾರಿಸ್ಬಿಟ್ಟೆ ಕಣೋ," ಎಂದು ಕಿವಿಯಲ್ಲಿ ಹೇಳಿದಳು. "ಹೇಸರಗತ್ತೆಗೇ ಎರಡು ದಿನ ಅತ್ತೋನು ನೀನು."

ಚಪ್ಪಾಳೆ ಬಿತ್ತು. ಬಟ್ಟಲು ಕೈಗೆ ಬಂತು. ವಿಲ್ಫ್ ಅದನ್ನು ಮಗುವಿನ ಹಾಗೆ ಎದೆಗವಚಿಕೊಂಡ. ಬೆಂಕಿಗೂಡಿನ ಮೇಲಿನ ಆ ಒಂದು ಗೇಣು ಜಾಗ ಅವನ ಕಣ್ಣ ಮುಂದೆ ಬಂತು, ಮೂಗು ಸೊರಸೊರ ಅಂತು.

ಆಗ ಬರ್ನಾರ್ಡ್ ಗಂಟಲು ಸರಿಮಾಡಿಕೊಂಡು ಸಂಘದ ನಿಯಮದ ಪುಸ್ತಕ ತೆರೆದ.

"ಗೆದ್ದೋನು ಮುಂದಿನ ವರ್ಷದ ತೀರ್ಪುಗಾರ, ಇದು ನಮ್ಮ ಹಳೇ ಪದ್ಧತಿ. ಹೋದ ವರ್ಷ ಮಿಸ್ ಲಂಬ್ ಗೆದ್ರು, ಈ ವರ್ಷ ತೀರ್ಪು ಕೊಟ್ರು. ಮುಂದಿನ ವರ್ಷ ನಮ್ಮ ವಿಲ್ಫ್. ಇಷ್ಟು ಆಳವಾಗಿ ಬಣ್ಣ ತಿಳಿದೋನು ಸಿಕ್ಕಿರೋದ್ರಿಂದ ಹೊಸ ನಿಯಮ ಒಂದು ಸೇರಿಸೋಣ. ತೀರ್ಪುಗಾರ ಬಾಗಿಲು ಹಾಕ್ಕೊಂಡು ಒಬ್ಬನೇ ಒಂದು ಗಂಟೆ ಕೂತು, ಪ್ರತಿಯೊಂದು ಕೋಟಿನ ಬಣ್ಣದ ಹೆಸರು ಬರೆದು, ತಪ್ಪಿದ್ರೆ ತಿದ್ದಿ ಕೊಡ್ಬೇಕು. ಹೆಂಡ್ತೀನೂ ಒಳಗೆ ಬರೋ ಹಾಗಿಲ್ಲ. ಒಪ್ಪೋರು ಕೈ ಎತ್ತಿ!"

ಹಾಲ್ ತುಂಬ ಕೈಗಳು ಎದ್ದವು. ಮಿಸ್ ಲಂಬ್ ಎರಡೂ ಕೈ ಎತ್ತಿದಳು.

ಮನೆಗೆ ಬಂದು ಹಿಲ್ಡಾ ಮೊದಲು ಆ ಜಾಗವನ್ನು ಒರೆಸಿದಳು, ಆಮೇಲೆ ಬಟ್ಟಲನ್ನು ಇಟ್ಟಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಚಹಾ ಕುಡಿಯುತ್ತ ಅವಳು ಹಾರಿಸಿದ್ದ ಅಧ್ಯಾಯವನ್ನು ಓದಿದಳು. ಸಾರ್ಜೆಂಟ್ ಕಣ್ಣು ಮುಚ್ಚಿದಲ್ಲಿ ವಿಲ್ಫ್ ಗೊಳೋ ಎಂದು ಅತ್ತ. ಹಿಲ್ಡಾನೂ ಅತ್ತಳು. ಇಬ್ಬರಿಗೂ ಒಂದೇ ಕರವಸ್ತ್ರ.

"ಮುಂದಿನ ವರ್ಷ ಏನು ಗತಿನೇ?" ಎಂದ ವಿಲ್ಫ್, ಮೂಗೊರೆಸಿಕೊಂಡು.

"ಇನ್ನೂ ಒಂದು ವರ್ಷ ಇದೆ, ಕಲಿಸ್ತೀನಿ ಸುಮ್ಮನಿರು."

ವಿಲ್ಫ್ ಬಟ್ಟಲಿನ ಹಿಡಿಗೆ ಕಟ್ಟಿದ್ದ ರೇಷ್ಮೆ ಪಟ್ಟಿಯನ್ನು ತುಂಬ ಹೊತ್ತು ದಿಟ್ಟಿಸಿದ. "ಹಾಗಾದ್ರೆ ಈಗ್ಲೇ ಶುರು ಮಾಡು. ಈ ಪಟ್ಟಿ ಯಾವ ಬಣ್ಣ?"

ಹಿಲ್ಡಾ ಪಟ್ಟಿಯ ಕಡೆ ನೋಡಲಿಲ್ಲ, ಗಂಡನ ಅತ್ತು ಊದಿದ ಮುಖವನ್ನು ನೋಡಿದಳು.

"ನಿಂಗೆ ಯಾವ್ದು ಬೇಕು ಹೇಳು," ಎಂದಳು.

"ಕಂದು."

"ಹೂಂ, ಕಂದೇ ಕಣೋ," ಎಂದಳು ಹಿಲ್ಡಾ.