ಕೋಣನಕುಂಟೆ ಅಜ್ಜಿಯ ಕಿವಿ

ನನ್ನ ಹತ್ತಿರ ಬರುವವರಲ್ಲಿ ಅಳುವವರೇ ಹೆಚ್ಚು. ಆದರೂ ಆಗಾಗ ನಾನು ಬಾಗಿಲು ಹಾಕಿಕೊಂಡು ಒಬ್ಬಳೇ ನಗುವಂಥದ್ದು ಏನಾದರೊಂದು ನಡೆಯದೆ ಇರುವುದಿಲ್ಲ. ಜಯನಗರದ ಒಂದು ಕ್ಲಿನಿಕ್ಕಿನ ಮೊದಲ ಮಹಡಿಯಲ್ಲಿ ನಾನು ಜೆನೆಟಿಕ್ ಕೌನ್ಸೆಲರ್. ವಂಶದಲ್ಲಿ ಹರಿದು ಬರುವ ಕಾಯಿಲೆಗಳ ರಿಪೋರ್ಟು ಬಂದಾಗ ಅದರ ಅರ್ಥವೇನು, ಯಾರಿಗೆ ಬರಬಹುದು, ಯಾರು ಹೆದರಬೇಕಿಲ್ಲ ಅಂತ ಮನೆಯವರನ್ನು ಕೂರಿಸಿಕೊಂಡು ಬಿಡಿಸಿ ಹೇಳುವುದು ನನ್ನ ಕೆಲಸ. ಬಿಡಿಸಿ ಹೇಳಲು ಹೋದಾಗಲೇ ಎಡವಟ್ಟುಗಳಾಗುವುದು.

ಮೋರಿ

ನಾನು ಸೇರಿದ ಹೊಸದರಲ್ಲಿ ಬಾಗಿಲಿಗೆ 'ಕೌನ್ಸೆಲರ್' ಅಂತ ನನ್ನ ಬೋರ್ಡು ಹಾಕಿದ್ದರು. ಒಂದು ದಿನ ತ್ಯಾಗರಾಜನಗರದ ನಿವೃತ್ತರೊಬ್ಬರು ಬಂದರು. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಮೊಬೈಲು. ಕೂತವರೇ ಒಂದಾದ ಮೇಲೊಂದು ಫೋಟೋ ತೋರಿಸತೊಡಗಿದರು. ಎಲ್ಲವೂ ಮೋರಿಯ ಫೋಟೋಗಳು. ಮಳೆ ಬಂದಾಗಿನ ಮೋರಿ, ಮಳೆ ನಿಂತ ಮೇಲಿನ ಮೋರಿ, ಸೊಳ್ಳೆ ಸಮೇತ ಮೋರಿ.

ಅವರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ನಾನು ನಡುವೆ ಬಾಯಿ ಹಾಕಿದೆ. "ಸಾರ್, ನೀವು ಹುಡುಕ್ತಿರೋದು ವಾರ್ಡ್ ಕೌನ್ಸಿಲರ್‌ನ. ನಾನು ಆ ಕೌನ್ಸಿಲರ್ ಅಲ್ಲ. ನಾನು ವಂಶಪಾರಂಪರ್ಯವಾಗಿ ಬಂದಿರೋ ಸಮಸ್ಯೆ ನೋಡೋಳು."

"ಇದೂ ವಂಶಪಾರಂಪರ್ಯವೇ ಮೇಡಂ," ಅಂದರು ಅವರು. "ನಮ್ಮ ತಂದೆ ಕಾಲದಿಂದ ಹೀಗೇ ಇದೆ."

ಗುಟ್ಟು

ಆದರೆ ನಾನು ಹೇಳಹೊರಟದ್ದು ಕೋಣನಕುಂಟೆಯ ಒಂದು ಕುಟುಂಬದ ವಿಷಯ. ಹಿಂದೆ ಹೊಲ ಉಳುತ್ತಿದ್ದ ಮನೆತನ, ಈಗ ಮನೆಗಳನ್ನು ಬಾಡಿಗೆಗೆ ಕೊಟ್ಟುಕೊಂಡಿದ್ದಾರೆ. ಆ ಮನೆಯ ಅಜ್ಜಿಗೆ ವಯಸ್ಸಿನಲ್ಲಿದ್ದಾಗ ಟಿಬಿ ಬಂದು, ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡಿದ್ದರು. ಎದೆ ವಾಸಿಯಾಯಿತು, ಕಿವಿ ಹೋಯಿತು. ಆಮೇಲೆ ಅಜ್ಜಿಯ ಮಗನಿಗೂ ಹಾಗೇ. ಮದುವೆಗೆ ಮುಂಚೆ ಯಾವುದೋ ಸೋಂಕಿಗೆ ಇಂಜೆಕ್ಷನ್ ತೆಗೆದುಕೊಂಡರು, ಕೆಲವೇ ದಿನಗಳಲ್ಲಿ ಎರಡೂ ಕಿವಿ ಕೇಳದಂತಾದವು. ಅಜ್ಜಿಯ ಮಗಳಿಗೆ ಮಾತ್ರ ಕಿವಿ ಚೆನ್ನಾಗಿತ್ತು. ಆಕೆ ಅಂಥ ಇಂಜೆಕ್ಷನ್ ತೆಗೆದುಕೊಂಡೇ ಇರಲಿಲ್ಲ. ಈಗ ಆ ಮಗಳ ಮಗಳು ಬಸುರಿ. ಮನೆಯಲ್ಲಿ ಎಲ್ಲರಿಗೂ ಒಂದೇ ಭಯ. ಕಿವಿಯ ಡಾಕ್ಟರೊಬ್ಬರು ಅನುಮಾನಪಟ್ಟು ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟಿನ ಜೊತೆಗೆ ಇಡೀ ಕುಟುಂಬವನ್ನೇ ನನ್ನ ಬಳಿ ಕಳಿಸಿದರು.

ಅಜ್ಜಿ, ಮಗ, ಸೊಸೆ, ಮಗಳು, ಬಸುರಿ ಮೊಮ್ಮಗಳು, ಎಲ್ಲರೂ ನನ್ನ ಚಿಕ್ಕ ರೂಮಿನಲ್ಲಿ ಒತ್ತಿಕೊಂಡು ಕೂತರು. ನಿಯಮದ ಪ್ರಕಾರ ಬಾಗಿಲು ಹಾಕಿಸಿ ಶುರು ಮಾಡಿದೆ.

"ಅಜ್ಜಿ, ಇಲ್ಲಿ ಮಾತಾಡಿದ್ದೆಲ್ಲ ಗುಟ್ಟಾಗಿರುತ್ತೆ."

"ಆಂ?"

"ಗುಟ್ಟು! ಗುಟ್ಟು!" ಅಂತ ಕೂಗಿದೆ.

"ಬುಟ್ಟಿನಾ? ಬುಟ್ಟಿ ಯಾಕವ್ವಾ?"

"ಬುಟ್ಟಿ ಅಲ್ಲ ಅಜ್ಜಿ, ಗುಟ್ಟು! ಆಚೆಯೋರು ಯಾರಿಗೂ ಗೊತ್ತಾಗಲ್ಲ!"

ಆಗ ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬರು ತಡೆಯಲಾರದೆ ಬಾಗಿಲಿಗೆ ಬಾಯಿಟ್ಟು ಗುಡುಗಿದರು. "ಗುಟ್ಟಾಗಿ ಇಡ್ತಾರಂತೆ ಅಜ್ಜೀ! ನಮಗ್ಯಾರಿಗೂ ಹೇಳಲ್ವಂತೆ!"

ಅದು ಅಜ್ಜಿಗೆ ಸ್ಪಷ್ಟವಾಗಿ ಕೇಳಿಸಿತು. "ಹಂಗಾ? ಸರಿ ಬುಡು," ಅಂದರು.

ದುಂಡಗೆ

ವಂಶದ ಚಿತ್ರ ಬರೆಯುವುದಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಅಜ್ಜಿ ಕನ್ನಡಕ ಏರಿಸಿ ನೋಡಿದರು.

"ಇದ್ಯಾರು?"

"ನೀವೇ ಅಜ್ಜಿ."

"ನಾನ್ಯಾಕೆ ಇಷ್ಟು ದುಂಡಗಿವ್ನಿ?"

"ಹೆಂಗಸರನ್ನೆಲ್ಲ ದುಂಡಗೇ ಬರೆಯೋದು ಅಜ್ಜಿ."

ಅಜ್ಜಿ ಸೊಸೆಯನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿದರು. "ಅಂಗಾದ್ರೆ ಇವಳ್ಗೆ ಈ ಹಾಳೆ ಸಾಕಾಗಲ್ಲ."

ಮೀಸೆ

ರಿಪೋರ್ಟಿನಲ್ಲಿ ಇದ್ದದ್ದು ಇಷ್ಟು. ನಮ್ಮ ಜೀವಕೋಶಗಳೊಳಗೆ ಮೈಟೊಕಾಂಡ್ರಿಯ ಅಂತ ಪುಟ್ಟ ಪುಟ್ಟ ಭಾಗಗಳಿವೆ. ಮೈಗೆ ಬೇಕಾದ ಶಕ್ತಿ ಬಹುಪಾಲು ತಯಾರಾಗುವುದು ಅಲ್ಲೇ. ಅದರೊಳಗೆ ಪ್ರೋಟೀನು ಕಟ್ಟುವ ಇನ್ನೂ ಪುಟ್ಟ ಯಂತ್ರವಿದೆ, ರೈಬೋಸೋಮ್ ಅಂತ. ರೋಗಾಣುಗಳಲ್ಲೂ ರೈಬೋಸೋಮ್ ಇರುತ್ತದೆ. ಕೆಲವು ಇಂಜೆಕ್ಷನ್‌ಗಳ ಕೆಲಸವೇ ರೋಗಾಣುವಿನ ರೈಬೋಸೋಮನ್ನು ಕೆಡಿಸುವುದು. ಈ ಮನೆಯವರ ಮೈಟೊಕಾಂಡ್ರಿಯದ ರೈಬೋಸೋಮಿನ ಡಿಎನ್ಎ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಅದು ರೋಗಾಣುವಿನದ್ದನ್ನೇ ಹೋಲುವಂತಾಗಿತ್ತು. ಹಾಗಾಗಿ ಇಂಜೆಕ್ಷನ್ ಅದನ್ನೂ ಕೆಡಿಸುತ್ತದೆ, ಪೆಟ್ಟು ಬೀಳುವುದು ಕಿವಿಯೊಳಗಿನ ಸೂಕ್ಷ್ಮ ಜೀವಕೋಶಗಳಿಗೆ.

ಇದನ್ನು ಅಜ್ಜಿಗೆ ಹೇಗೆ ಹೇಳುವುದು? ಕೊನೆಗೆ ಹೀಗೆ ಕೂಗಿದೆ. "ಅಜ್ಜಿ, ಇಂಜೆಕ್ಷನ್ನು ಪೊಲೀಸು ಅಂದ್ಕೊಳ್ಳಿ. ಕಳ್ಳನ್ನ ಹಿಡಿಯೋಕೆ ಒಳಗೆ ಬಂತು. ನಿಮ್ಮನೆ ಹುಡುಗ ನೋಡೋಕೆ ಕಳ್ಳನ ಥರಾನೇ ಇದ್ದಾನೆ. ಅವನಿಗೂ ಹೊಡೆದುಬಿಡ್ತು!"

ಅಜ್ಜಿ ಇಷ್ಟು ವರ್ಷ ತನ್ನದೇ ಏನೋ ಪಾಪ ಅಂದುಕೊಂಡಿದ್ದವರು. ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡರು. ಆಮೇಲೆ ಮುಂದಕ್ಕೆ ಬಾಗಿ, ದಾರಿ ಸಿಕ್ಕವರ ಹಾಗೆ ಕೇಳಿದರು.

"ಅಂಗಾದ್ರೆ ಆ ಹುಡ್ಗನ ಮೀಸೆ ಬೋಳಿಸಿಬುಟ್ರೆ ಆಗಲ್ವಾ?"

"ಅಷ್ಟು ಸಣ್ಣ ಬ್ಲೇಡು ಇನ್ನೂ ಬಂದಿಲ್ಲ ಅಜ್ಜಿ," ಅಂದೆ. "ಹುಡುಕ್ತಾ ಇದ್ದಾರೆ."

ತಟ್ಟೆಗಳು

ಅಜ್ಜಿಯ ಮಗನದ್ದು ಮಾತು ಕಮ್ಮಿ. ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಎಲ್ಲ ಮುಗಿದ ಮೇಲೆ ತಮ್ಮ ಮೊಬೈಲಿನಲ್ಲಿ ಒಂದು ಸಾಲು ಬರೆದು ನನ್ನ ಮುಂದಿಟ್ಟರು: 'ನನ್ನ ಇಬ್ಬರು ಹೆಣ್ಣುಮಕ್ಕಳಿಗೆ ಯಾವಾಗ ಬರುತ್ತೆ?'

ಬರುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯೇ ಅವರಿಗೆ ಇರಲಿಲ್ಲ. ಯಾವಾಗ ಅನ್ನುವುದೊಂದೇ.

ನಾನು ನಿಧಾನವಾಗಿ, ತುಟಿ ಕಾಣುವ ಹಾಗೆ ಹೇಳಿದೆ. "ಬರಲ್ಲ ಸಾರ್. ಮೈಟೊಕಾಂಡ್ರಿಯ ಮಕ್ಕಳಿಗೆ ಬರೋದು ತಾಯಿಯಿಂದ. ನಿಮಗೆ ನಿಮ್ಮ ತಾಯಿಯಿಂದ ಬಂತು. ನಿಮ್ಮ ಮಕ್ಕಳಿಗೆ ಅವರ ತಾಯಿಯಿಂದ. ನಿಮ್ಮಿಂದ ಅವರಿಗೆ ಇದು ಹೋಗಿಲ್ಲ."

ಅವರು ಮತ್ತೊಮ್ಮೆ ಹೇಳಿ ಅಂತ ಕೈಸನ್ನೆ ಮಾಡಿದರು. ಹೇಳಿದೆ. ಆ ಮನುಷ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡುಬಿಟ್ಟರು. ಬಸುರಿ ಹುಡುಗಿ ಎದ್ದು ಸೋದರಮಾವನ ಭುಜ ಹಿಡಿದುಕೊಂಡಳು.

ಅವರ ಹೆಂಡತಿ ನನಗೆ ವಿಷಯ ಬಿಡಿಸಿ ಹೇಳಿದರು. "ಹುಡುಗೀರು ಹುಟ್ಟಿದಾಗಿಂದ ಇವರದ್ದು ಒಂದೇ ಕೆಲ್ಸ ಮೇಡಂ. ಹಿಂದೆ ಹೋಗಿ ನಿಂತ್ಕೊಂಡು ಸ್ಟೀಲ್ ತಟ್ಟೆ ಬೀಳಿಸೋದು. ಇವರಿಗೆ ಸದ್ದು ಕೇಳ್ಸಲ್ಲ, ಅವು ಬೆಚ್ಚಿ ತಿರುಗ್ತವಾ ಅಂತ ಮುಖ ನೋಡೋದು. ತಿರುಗಿದ್ರೆ ಆವತ್ತು ನೆಮ್ದಿಯಾಗಿ ಉಣ್ಣೋರು. ದೊಡ್ಡೋಳು ಈಗ ಕಾಲೇಜು, ಇನ್ನೂ ಬೀಳಿಸ್ತಾರೆ."

ಆಕೆ ಮೂಗು ಒರೆಸಿಕೊಂಡು ಗಂಡನ ತೋಳು ತಟ್ಟಿ, ತುಟಿ ಕಾಣುವ ಹಾಗೆ ಕೇಳಿದರು.

"ಇನ್ಮೇಲಾದ್ರೂ ನೆಗ್ಗದೆ ಇರೋ ತಟ್ಟೇಲಿ ಊಟ ಮಾಡ್ಬೋದಾ?"

ಮೈಸೂರು

ಹುಟ್ಟುವ ಮಗುವಿಗೆ ತಾಯಿಯಿಂದ ಆ ಬದಲಾವಣೆ ಬಂದೇ ಬರುತ್ತದೆ. ಆದರೆ ಕಿವಿ ಹಾಳಾಗಲೇಬೇಕು ಅಂತಿಲ್ಲ. ಆ ಗುಂಪಿನ ಇಂಜೆಕ್ಷನ್ ತಪ್ಪಿಸಿದರೆ ಅರ್ಧ ಯುದ್ಧ ಗೆದ್ದ ಹಾಗೆ. ಅದರ ಹೆಸರನ್ನು ಮನೆಯವರಿಗೆಲ್ಲ ಬಾಯಿಪಾಠ ಮಾಡಿಸಿದೆ. ಜೆಂಟಾಮೈಸಿನ್. ಹಸುಗೂಸುಗಳಿಗೆ ಸೋಂಕಾದರೆ ಸಾಮಾನ್ಯವಾಗಿ ಕೊಡುವುದು ಅದನ್ನೇ.

ಹೆರಿಗೆಯಾಯಿತು. ಗಂಡು ಮಗು. ಮಾರನೆಯ ದಿನ ಮಗುವಿಗೆ ಜ್ವರ ಬಂದು, ಒಳಗಿನ ವಾರ್ಡಿಗೆ ಹಾಕಿಕೊಂಡರು. ವಿಷಯ ಗೊತ್ತಿದ್ದ ಡಾಕ್ಟರ ಡ್ಯೂಟಿ ಮುಗಿದು ಹೊಸಬರೊಬ್ಬರು ಬಂದಿದ್ದರು. ಆಪರೇಷನ್ ಆಗಿ ಬಾಣಂತಿಗೆ ಮಂಪರು, ಅವಳ ಗಂಡ ಮೆಡಿಕಲ್ ಸ್ಟೋರಿಗೆ ಓಡಿದ್ದ, ಅವಳಮ್ಮ ಮಗಳ ಪಕ್ಕ. ವಾರ್ಡಿನ ಬಾಗಿಲಲ್ಲಿ ಇದ್ದದ್ದು ಅಜ್ಜಿ ಒಬ್ಬರೇ. ನರ್ಸು ಸಿರಿಂಜಿದ್ದ ಟ್ರೇ ತಂದದ್ದು ಕಂಡಿದ್ದೇ ತಡ, ಅಜ್ಜಿ ಎರಡೂ ಕೈ ಅಗಲಿಸಿ ಅಡ್ಡ ನಿಂತರು.

"ಮೈಸೂರು ಇಂಜೆಕ್ಷನ್ ಕೊಡಕೂಡದು!"

ಡಾಕ್ಟರು ಬಂದರು. "ಅಜ್ಜಿ, ಇದು ಮೈಸೂರಿಂದು ಅಲ್ಲ. ನಮ್ಮ ಆಸ್ಪತ್ರೇದೇ."

ಅಜ್ಜಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಒಪ್ಪುತ್ತಿರಲಿಲ್ಲ. "ಎಲ್ಲಿಂದಾನಾ ತರ್ಸಿ. ಹೆಸ್ರಲ್ಲಿ ಮೈಸೂರು ಇರ್ಬಾರ್ದು. ನಮ್ ಕಿವಿ ಹೋಗಿದ್ದು ಸಾಕು!"

ಕಿವಿ ಅಂದದ್ದೇ ಡಾಕ್ಟರಿಗೆ ಹೊಳೆಯಿತು. ಒಳ್ಳೆಯ ಹುಡುಗ, ತಕ್ಷಣ ಟ್ರೇ ವಾಪಸ್ ಕಳಿಸಿ, ಕೇಸ್ ಪೇಪರ್ ಮತ್ತೆ ತೆಗೆದು ಅದರಲ್ಲಿದ್ದ ನನ್ನ ಚೀಟಿ ನೋಡಿ ನನಗೆ ಫೋನು ಮಾಡಿದ. ಬೇರೆ ಗುಂಪಿನ ಔಷಧ ಶುರು ಮಾಡಿದರು, ಜ್ವರ ಇಳಿಯಿತು. ಫೋನಿಡುವ ಮುಂಚೆ ಆತ ಅಳುಕುತ್ತಲೇ ಕೇಳಿದ.

"ಮೇಡಂ, ನಾನು ಮೈಸೂರಿನೋನು. ಅಜ್ಜಿಗೆ ಹೇಳ್ಬೇಕಾ?"

ಮೆಷಿನ್ನು

ಮಗುವನ್ನು ಮನೆಗೆ ಕಳಿಸುವ ಮುಂಚೆ ಕಿವಿ ಪರೀಕ್ಷೆ. ನನ್ನನ್ನೂ ಕರೆದರು. ಕೆಲಸ ಬಿಟ್ಟು ಆಟೋ ಹತ್ತಿದೆ. ಮಗುವಿನ ಕಿವಿಗೆ ಪುಟ್ಟ ಬಿರಡೆಯಂಥದ್ದನ್ನು ಇಟ್ಟು ಮೆಷಿನ್ನು ಸಣ್ಣ ಸದ್ದು ಕಳಿಸುತ್ತದೆ. ಮಗು ಮಲಗಿರಬೇಕು, ರೂಮು ನಿಶ್ಶಬ್ದವಾಗಿರಬೇಕು.

ನಿಶ್ಶಬ್ದ! ಪರಸ್ಪರ ಕೂಗಿಯೇ ಬದುಕಿದ ಮನೆ ಅದು. "ಮಾತಾಡ್ಬೇಡಿ ಅಂತವ್ರೆ!" ಅಂತ ಮಗಳು ಅಜ್ಜಿಯ ಕಿವಿಯಲ್ಲಿ ಕೂಗಿದರು. ಗಲಾಟೆ ಜಾಸ್ತಿಯಾಯಿತು ಅಂತ ಮೆಷಿನ್ನು ನಿಂತುಹೋಯಿತು. ಪರೀಕ್ಷೆ ಮಾಡುವ ಹುಡುಗಿ ಮತ್ತೆ ಶುರು ಮಾಡಿದಳು. "ಆಯ್ತಾ?" ಅಂತ ಅಜ್ಜಿ ಕೇಳಿದರು. ಮತ್ತೆ ನಿಂತಿತು. ಕೊನೆಗೆ ಆ ಹುಡುಗಿ ಎಲ್ಲರನ್ನೂ ಕಾರಿಡಾರಿಗೆ ಕಳಿಸಿ ಬಾಗಿಲು ಹಾಕಿಕೊಂಡಳು.

ಹೊರಗೆ ಸೋದರಮಾವ ಬಾಗಿಲಿನ ಗಾಜಿಗೆ ಕಣ್ಣಿಟ್ಟು ನಿಂತಿದ್ದರು. ಬಾಣಂತಿ ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು. ಬಾಗಿಲು ತೆರೆಯಿತು. ಮಲಗಿದ್ದ ಮಗುವನ್ನು ಎತ್ತಿಕೊಂಡು ಬಂದ ಹುಡುಗಿ ಪಿಸುಗುಟ್ಟಿದಳು. "ಎರಡೂ ಕಿವಿ ಪಾಸ್. ಚೆನ್ನಾಗಿ ಕೇಳಿಸುತ್ತೆ."

ನನ್ನ ಕೆಲಸದಲ್ಲಿ ಇಂಥ ಮಾತು ಕೇಳುವ ಭಾಗ್ಯ ಅಪರೂಪ. ಯಾರಿಗೆ ಕೈಮುಗಿಯಬೇಕೋ ತಿಳಿಯದೆ ಆ ಮೆಷಿನ್ನಿಗೇ ಮುಗಿದೆ.

"ಏನಂತೆ? ಏನಂತೆ?" ಅಂದರು ಅಜ್ಜಿ.

ಮಗಳು, ಸೊಸೆ, ಮಗ, ಮೊಮ್ಮಗಳು, ಅವಳ ಗಂಡ, ಜೊತೆಗೆ ನಾನೂ, ಎಲ್ಲರೂ ಒಟ್ಟಿಗೆ ಅಜ್ಜಿಯ ಕಡೆ ತಿರುಗಿ ಕಿರುಚಿದೆವು. "ಮಗೂಗೆ ಕಿವಿ ಕೇಳಿಸುತ್ತಂತೇ!"

ಮಗು ಬೆಚ್ಚಿಬಿದ್ದು, ಕೈಕಾಲು ಒದರಿ, ಇಡೀ ಮಹಡಿ ನಡುಗುವ ಹಾಗೆ ಅಳತೊಡಗಿತು. ಅಜ್ಜಿ ತಲೆ ವಾಲಿಸಿ ಆಲಿಸಿದರು. ಮುಖ ನಿಧಾನವಾಗಿ ಅರಳಿತು.

"ಅಯ್ಯೋ, ನಂಗೂ ಕೇಳಿಸ್ತಾ ಐತೆ ಕಣವ್ವಾ!" ಅಂದರು. "ನಂದೂ ಪಾಸು ಅಂತ ಬರ್ಕೊಳಕ್ಕೆ ಹೇಳು!"